ಶಿಶುವಿಹಾರದಲ್ಲೂ ಮನೆಯಲ್ಲೂ ಮಗುವೇ ಮುಂದಾಗಿ ಕಲಿಯುವ ಬಗೆ

ಮೂರರಿಂದ ಆರು ವರ್ಷದವರೆಗಿನ ಅವಧಿಯು ಮಗುವಿನ ಬೆಳವಣಿಗೆಯಲ್ಲಿ ಅತ್ಯಂತ ಮಹತ್ವದ ಕಾಲ. ಈ ವಯಸ್ಸಿನಲ್ಲಿ ಮಗು ಉಪದೇಶ ಕೇಳಿ ಕಲಿಯುವುದಕ್ಕಿಂತ ಮುಟ್ಟಿ, ಸುರಿದು, ಜೋಡಿಸಿ, ಕೆಡವಿ ಕಲಿಯುವುದೇ ಹೆಚ್ಚು. ಯಾವ ಚಟುವಟಿಕೆಯಲ್ಲಿ ಎಷ್ಟು ಹೊತ್ತು ತೊಡಗಬೇಕೆಂಬುದನ್ನು ಬಹುಮಟ್ಟಿಗೆ ಮಗುವಿಗೇ ಬಿಟ್ಟು, ಅದಕ್ಕೆ ಅನುಕೂಲವಾದ ಪರಿಸರವನ್ನು ಹಿರಿಯರು ಒದಗಿಸುವುದೇ ಶಿಶುಕೇಂದ್ರಿತ ಶಿಕ್ಷಣ. ಇದು ದುಬಾರಿ ಶಾಲೆಗಳಲ್ಲಿ ಮಾತ್ರ ಸಾಧ್ಯವೆಂಬ ಭಾವನೆ ಹಲವರಲ್ಲಿದೆ. ಈ ಭಾವನೆ ಸರಿಯಲ್ಲವೆಂಬುದಕ್ಕೆ ಥಾಣೆ ಜಿಲ್ಲೆಯ ಇತಿಹಾಸವೇ ಸಾಕ್ಷಿ.

ಬೋರ್ಡಿ ಮತ್ತು ಕೋಸಬಾಡ್

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡ ಕಾರ್ಮಿಕರ ವಸತಿಯೊಂದರಲ್ಲಿ ತಮ್ಮ ಮೊದಲ ಶಿಶುಮಂದಿರವನ್ನು ಆರಂಭಿಸಿದರು. ಅವರ ವಿಚಾರಗಳನ್ನು ನಮ್ಮ ದೇಶದ ಪರಿಸ್ಥಿತಿಗೆ ಹೊಂದಿಸಿಕೊಂಡ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅಲ್ಲಿ ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಅಂದಿನ ಥಾಣೆ ಜಿಲ್ಲೆಯ ಕಡಲತಡಿಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ಅವರು ಈ ಕಾರ್ಯದಲ್ಲಿ ಅವರ ಸಹವರ್ತಿಯಾದರು. ಮುಂದೆ ಕೇಂದ್ರವು ಸಮೀಪದ ಕೋಸಬಾಡ್‌ಗೆ ಸ್ಥಳಾಂತರಗೊಂಡು ವಾರ್ಲಿ ಮೊದಲಾದ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿತು. 2014ರ ವಿಭಜನೆಯ ನಂತರ ಈ ಎರಡೂ ಊರುಗಳು ಪಾಲ್ಘರ್ ಜಿಲ್ಲೆಗೆ ಸೇರಿವೆ.

ಕಡುಬಡವರ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯೇ ಅವರ ಕೇರಿಗೆ ಹೋಯಿತು. ಮನೆಯಂಗಳದಲ್ಲಿಯೇ ಮಕ್ಕಳ ಮೈ ತೊಳೆದು, ತಲೆ ಬಾಚಿ, ಹಾಡು, ಕಥೆ, ಆಟಗಳಲ್ಲಿ ಅವರನ್ನು ತೊಡಗಿಸಲಾಯಿತು. ಅಂಗನವಾಡಿಯ ಕಲ್ಪನೆ ಮೂಡಿದ್ದು ಹೀಗೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಆರಂಭಿಸಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಈ ಹೆಸರು ದೇಶದಾದ್ಯಂತ ಪರಿಚಿತವಾಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ‘ಕುರಣಶಾಲೆ’ ನಡೆಯಿತು. ಬೆಲೆಬಾಳುವ ಉಪಕರಣಗಳ ಬದಲಿಗೆ ಎಲೆ, ಬೀಜ, ಕಡ್ಡಿ, ಕಲ್ಲು, ಚಿಪ್ಪುಗಳೇ ಕಲಿಕೆಯ ಸಾಮಗ್ರಿಗಳಾದವು. ಮಗು ಇರುವ ಸ್ಥಳದಿಂದ, ಅದಕ್ಕೆ ತಿಳಿದಿರುವ ವಸ್ತುವಿನಿಂದ ಶಿಕ್ಷಣವನ್ನು ಆರಂಭಿಸಬೇಕೆಂಬುದೇ ಈ ಪ್ರಯೋಗದ ತಿರುಳು.

ನಗರದ ಮನೆಗಳಲ್ಲಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪೈಕಿ ಅನೇಕರಿಗೆ ಇಂದು ಅಂಗಳವಿಲ್ಲ. ತಂದೆತಾಯಿಗಳು ಬೆಳಿಗ್ಗೆಯೇ ಲೋಕಲ್ ರೈಲು ಹಿಡಿಯುತ್ತಾರೆ. ಮಗು ಅಜ್ಜ ಅಜ್ಜಿಯರ ಬಳಿಯಲ್ಲೋ ಪಾಳಣಾಘರದಲ್ಲೋ ಇರುತ್ತದೆ. ನೆರೆಮನೆಯ ಮಗು ಅಕ್ಷರ ಬರೆಯುವುದನ್ನು ಕಂಡು, ಮೂರು ವರ್ಷದ ತಮ್ಮ ಮಗುವಿನ ಕೈಗೂ ಪೆನ್ಸಿಲ್ ಕೊಟ್ಟು ಒತ್ತಾಯಿಸುವ ಪಾಲಕರು ಕಡಿಮೆಯಿಲ್ಲ. ಆ ವಯಸ್ಸಿನಲ್ಲಿ ಬೆರಳುಗಳ ಸ್ನಾಯುಗಳು ಬರವಣಿಗೆಗೆ ಇನ್ನೂ ಸಿದ್ಧವಾಗಿರುವುದಿಲ್ಲ. ಒತ್ತಾಯದಿಂದ ಕೈ ಸೋಲುತ್ತದೆ, ಕಲಿಕೆಯ ಬಗ್ಗೆ ಬೇಸರ ಬೆಳೆಯುತ್ತದೆ.

ಬರವಣಿಗೆಯ ಪೂರ್ವಸಿದ್ಧತೆ ಅಡುಗೆಮನೆಯಲ್ಲಿಯೇ ಆಗಬಲ್ಲದು. ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು, ಬಟಾಣಿ ಸುಲಿಯುವುದು, ಹೂ ಪೋಣಿಸುವುದು, ರಂಗೋಲಿಯ ಎಳೆ ಎಳೆಯುವುದು ಬೆರಳುಗಳಿಗೆ ಶಕ್ತಿಯನ್ನೂ ಹಿಡಿತವನ್ನೂ ಕೊಡುತ್ತವೆ. ಹೆಸರುಕಾಳು, ಕಡಲೆಗಳನ್ನು ಬೇರ್ಪಡಿಸುವಾಗ ವರ್ಗೀಕರಣವೂ, ಮನೆಮಂದಿಗೆಲ್ಲ ಒಂದೊಂದು ತಟ್ಟೆ ಇಡುವಾಗ ಎಣಿಕೆಯೂ ತಾನಾಗಿ ಬರುತ್ತವೆ. ಮಗು ಕೆಲಸದಲ್ಲಿ ಮಗ್ನವಾಗಿರುವಾಗ ಹಿರಿಯರು ಅಡ್ಡ ಬರಬಾರದು. ಕೂಡಲೇ ತಪ್ಪು ತಿದ್ದಲೂಬಾರದು. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ತಡೆಯಬೇಕಾಗಿಲ್ಲ, ಪುನರಾವರ್ತನೆಯೇ ಅಭ್ಯಾಸ.

ಮನೆಯಲ್ಲಿ ಕನ್ನಡ, ಕೆಳಗಿನ ಆವರಣದಲ್ಲಿ ಮರಾಠಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗು ಗೊಂದಲಕ್ಕೆ ಒಳಗಾಗುವುದೆಂದು ಹೆದರಿ ಮನೆಮಾತನ್ನು ಕೈಬಿಡುವುದು ಸರಿಯಲ್ಲ. ‘ದೊಡ್ಡದು’, ‘ಭಾರ’, ‘ಅರ್ಧ’ ಎಂಬುದನ್ನು ಕನ್ನಡದಲ್ಲಿ ಅರಿತ ಮಗುವಿಗೆ ಇತರ ಭಾಷೆಗಳಲ್ಲಿ ಬೇಕಾಗುವುದು ಹೊಸ ಪದ ಮಾತ್ರ. ತುಳು, ಕೊಂಕಣಿ ಮನೆಮಾತಾದವರಿಗೂ ಇದು ಅನ್ವಯಿಸುತ್ತದೆ.

ಸ್ವಾತಂತ್ರ್ಯ ಮತ್ತು ಮಿತಿ

ಮಗುವಿನ ಆಯ್ಕೆಗೆ ಬೆಲೆ ಕೊಡುವುದೆಂದರೆ ಸ್ವೇಚ್ಛೆಯಲ್ಲ. ಒಲೆ, ವಿದ್ಯುತ್ತು, ಬಾಲ್ಕನಿಗಳ ವಿಷಯದಲ್ಲಿ ಹಿರಿಯರ ಮಾತೇ ನಡೆಯಬೇಕು. ಊಟ, ನಿದ್ರೆಗೆ ನಿಗದಿತ ವೇಳೆ ಇರಬೇಕು. ಆಡಿದ ವಸ್ತುಗಳನ್ನು ಮತ್ತೆ ಸ್ವಸ್ಥಾನದಲ್ಲಿಡುವ ರೂಢಿ ಬೆಳೆಯಬೇಕು. ಮೊಬೈಲ್ ಮುಂದೆ ಸುಮ್ಮನೆ ಕುಳಿತ ಮಗು ಸ್ವಂತ ಇಚ್ಛೆಯಿಂದ ಕಲಿಯುತ್ತಿದೆಯೆಂದು ತಿಳಿಯುವುದು ತಪ್ಪು. ಅಲ್ಲಿ ಮುಂದಾಳು ಪರದೆಯೇ ಹೊರತು ಮಗುವಲ್ಲ.

ಶಿಶುವಿಹಾರವನ್ನು ಆರಿಸುವಾಗ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ. ಇದಕ್ಕಾಗಿ 2022ರಲ್ಲಿ ಪ್ರಕಟವಾದ ಪಠ್ಯಕ್ರಮ ಚೌಕಟ್ಟು ಆಟವನ್ನು ಕಲಿಕೆಯ ಕೇಂದ್ರದಲ್ಲಿರಿಸಿದೆ. ಆದುದರಿಂದ ಪಾಲಕರು ಕಟ್ಟಡದ ಅಂದಕ್ಕಿಂತ ಈ ಅಂಶಗಳನ್ನು ಗಮನಿಸುವುದು ಒಳ್ಳೆಯದು:

1. ಆಟದ ಸಾಮಗ್ರಿಗಳು ಮಗುವಿನ ಕೈಗೆ ಎಟಕುವಂತಿವೆಯೇ?
2. ಏನನ್ನು ಮಾಡಬೇಕೆಂದು ಆರಿಸಿಕೊಳ್ಳಲು ಮಗುವಿಗೆ ಪ್ರತಿದಿನ ಸಮಯವಿದೆಯೇ?
3. ಶಿಕ್ಷಕಿ ಮಗುವಿನ ಮಾತನ್ನು ಕೊನೆಯವರೆಗೆ ಕೇಳುತ್ತಾರೆಯೇ?
4. ಪರೀಕ್ಷೆ, ಮನೆಪಾಠಗಳ ಹೊರೆ ಇಲ್ಲವಷ್ಟೇ?

ಸಂಜೆ ಮನೆಗೆ ಮರಳಿದ ಮೇಲೆ ತಂದೆತಾಯಿಗಳಿಗೆ ಉಳಿಯುವ ಸಮಯ ಸ್ವಲ್ಪವೇ. ಅದರಲ್ಲಿ ಅರ್ಧ ಗಂಟೆ ಮಗು ಆರಿಸಿಕೊಂಡ ಆಟಕ್ಕೆ ಜೊತೆಯಾಗಿ, ಅದು ಕೇಳಿದ ಪ್ರಶ್ನೆಗೆ ಮನೆಮಾತಿನಲ್ಲಿ ಉತ್ತರಿಸಿದರೆ, ಮುಂದೆ ಶಾಲೆಯಲ್ಲಿ ಕಲಿಯಬೇಕಾದ ಎಲ್ಲದಕ್ಕೂ ಭದ್ರವಾದ ತಳಹದಿ ದೊರೆಯುತ್ತದೆ.