ಬಲವಂತಕ್ಕೆ ಬಾರದ ನಿದ್ದೆ

ಪ್ರಶ್ನೆ: ನನಗೆ 44 ವರ್ಷ, ಪ್ರೌಢಶಾಲೆ ಶಿಕ್ಷಕಿ. ನಾಲ್ಕು ತಿಂಗಳಿಂದ ಹೆಚ್ಚುಕಡಿಮೆ ದಿನಾ ಇದೇ ಪಾಡು. ರಾತ್ರಿ 10ಕ್ಕೆ ಮಲಗಿದರೂ 1 ಗಂಟೆವರೆಗೆ ನಿದ್ದೆ ಹತ್ತುವುದಿಲ್ಲ. ಗಡಿಯಾರ ನೋಡುತ್ತ ಹೊರಳಾಡುತ್ತೇನೆ. ಹಾಸಿಗೆಯಲ್ಲೇ ಮೈ ಸಡಿಲಿಸುವುದು, ದೀರ್ಘ ಉಸಿರಾಟ ಮಾಡಿ ನೋಡಿದೆ, ಫಲವಿಲ್ಲ. ಪಕ್ಕದ ಮನೆಯವರು ತಮ್ಮ ಆಲ್ಪ್ರಜೋಲಾಂ ಮಾತ್ರೆ ಕೊಟ್ಟಿದ್ದಾರೆ. ನುಂಗಲೇ ಡಾಕ್ಟರೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಬೇಡಮ್ಮ, ಆ ಮಾತ್ರೆ ವಾಪಸ್ ಕೊಟ್ಟುಬಿಡಿ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಆಮೇಲೆ ಬಿಡುವುದು ಕಷ್ಟ. ನಿಮ್ಮ ನೆರೆಯವರು ಅದನ್ನು ದಿನವೂ ನುಂಗುತ್ತಿದ್ದರೆ ಏಕಾಏಕಿ ನಿಲ್ಲಿಸುವುದೂ ಅಪಾಯ. ವೈದ್ಯರನ್ನು ಕಂಡು ನಿಧಾನವಾಗಿ ಇಳಿಸಿಕೊಳ್ಳಲಿ.

ವಾರಕ್ಕೆ 3 ರಾತ್ರಿಯಾದರೂ ಹೀಗಾಗಿ, 3 ತಿಂಗಳು ದಾಟಿದರೆ ಅದು ದೀರ್ಘಕಾಲದ ನಿದ್ರಾಹೀನತೆ. ಇದಕ್ಕೆ ಮೊದಲ ಮದ್ದು ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯೇ ಹೊರತು ಮಾತ್ರೆಯಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲಿ ಹೇಳಿದ್ದೂ ಇದನ್ನೇ.

ಮೈ ಸಡಿಲಿಸಿದರೂ ಫಲ ಸಿಗಲಿಲ್ಲವೇಕೆ? ‘ಈಗಲಾದರೂ ಬಂತೇ’ ಎಂದು ನಿದ್ದೆಯನ್ನು ಕಾಯುವ ಮನಸ್ಸು ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ಈ ಅಭ್ಯಾಸವನ್ನು ಹಾಸಿಗೆಯಿಂದ ಸಂಜೆಗೆ ತನ್ನಿ. ಶಾಲೆಯಿಂದ ಬಂದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಮುಷ್ಟಿಯನ್ನು ಸುಮಾರು 5 ಸೆಕೆಂಡು ಬಿಗಿಹಿಡಿದು ಬಿಟ್ಟುಬಿಡಿ. ಅರ್ಧ ನಿಮಿಷ ಆ ಸಡಿಲವನ್ನಷ್ಟೇ ಗಮನಿಸಿ. ಹಾಗೆಯೇ ತೋಳು, ಭುಜ, ಹಣೆ, ದವಡೆ, ಹೊಟ್ಟೆ, ತೊಡೆ, ಮೀನಖಂಡ. ದಿನವಿಡೀ ನಿಂತು ಪಾಠ ಹೇಳುವವರ ಬಿಗುವು ಹೆಚ್ಚಾಗಿ ಭುಜ, ದವಡೆಗಳಲ್ಲಿ ಕೂತಿರುತ್ತದೆ, ಅಲ್ಲಿ ಎರಡು ಸಲ ಮಾಡಿ. ನೋವಿರುವ ಭಾಗವನ್ನು ಬಿಗಿಯಬೇಡಿ. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಈ ಕ್ರಮವನ್ನು 1929ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ನಿಮಗೆ ಶವಾಸನ ಗೊತ್ತಿದ್ದರೆ ಬೇಗ ಒಗ್ಗುತ್ತದೆ. ಕೊನೆಗೆ 4 ಎಣಿಸುವಷ್ಟು ಉಸಿರೆಳೆದು 6 ಎಣಿಸುವಷ್ಟು ಬಿಡಿ; ಉಸಿರು ನಿಧಾನವಾಗಿ ಹೊರಹೋಗುವಾಗ ಎದೆಬಡಿತವೂ ತಗ್ಗುತ್ತದೆ. ಎರಡು ಮೂರು ವಾರ ಬಿಡದೆ ಮಾಡಿ. ಮೈಗೆ ದಾರಿ ತಿಳಿದ ಮೇಲೆ ರಾತ್ರಿಯೂ ನೆರವಾಗುತ್ತದೆ.

ಗಡಿಯಾರವನ್ನು ಇಂದೇ ಕೋಣೆಯಿಂದ ಹೊರಗಿಡಿ. ಕಣ್ಣು ಭಾರವಾಗುವ ಮುಂಚೆ ಮಲಗಬೇಡಿ, 10 ಗಂಟೆ ಆಯಿತೆಂದು ಮಲಗಬೇಕಿಲ್ಲ. ಅಂದಾಜು 20 ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಬನ್ನಿ. ಮಂದ ಬೆಳಕಿನಲ್ಲಿ ಹಳೆಯ ಪುಸ್ತಕ ಓದಿ, ಬಟ್ಟೆ ಮಡಚಿ. ಮೊಬೈಲ್ ಬೇಡ. ತೂಕಡಿಕೆ ಬಂದಾಗ ಮಾತ್ರ ಮರಳಿ. ಉತ್ತರಪತ್ರಿಕೆ ತಿದ್ದುವುದು ಹಾಸಿಗೆಯ ಮೇಲೆ ಖಂಡಿತ ಬೇಡ. ಎಷ್ಟು ತಡವಾಗಿ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು, ಭಾನುವಾರವೂ. ಮೊದಲ ವಾರ ಹಗಲಲ್ಲಿ ಸುಸ್ತಾಗುತ್ತದೆ, ಸ್ಕೂಟರ್ ಓಡಿಸುವಾಗ ಎಚ್ಚರ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ ಊಟದ ಬಳಿಕ ಕಾಫಿ, ಚಹಾ ಬಿಡಿ.

ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಮ್ಮ ತಂದೆಗೆ 72. ನಸುಕಿನ 3ಕ್ಕೇ ಎಚ್ಚರವಾಗಿ ‘ನಿದ್ದೆಯೇ ಇಲ್ಲ’ ಎಂದು ಕೊರಗುತ್ತಾರೆ. ಮಲಗುವುದು 8ಕ್ಕೆ.
– ಓದುಗ, ಶಿರಸಿ

ಉತ್ತರ: 8ರಿಂದ 3ರವರೆಗೆ 7 ಗಂಟೆ ನಿದ್ದೆ ಮಾಡಿದ್ದರೆ ಅವರ ವಯಸ್ಸಿಗೆ ಸಾಕು. ಸಂಜೆ ಬಿಸಿಲಿರುವಾಗಲೇ ಅವರನ್ನು ಅಂಗಳದಲ್ಲಿ ಅಡ್ಡಾಡಿಸಿ. ಮಲಗುವ ಹೊತ್ತನ್ನು ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮುಂದೂಡಿ 10ಕ್ಕೆ ತನ್ನಿ. ಎಚ್ಚರವಾಗುವ ಹೊತ್ತೂ ಮೆಲ್ಲಗೆ ಮುಂದೆ ಸರಿಯುತ್ತದೆ.