ದತ್ತಾಂಶದ ಪ್ರತಿ ಎಲ್ಲಿರಬೇಕು? – ಎರಡು ವಿಶ್ವವಿದ್ಯಾಲಯಗಳ ಅನುಭವ

ಲೆಕ್ಕಪುಸ್ತಕಗಳನ್ನು ಗೋದಾಮಿನಲ್ಲಿಯೇ ಇರಿಸಿದ ವರ್ತಕನ ಗೋದಾಮಿಗೆ ಬೆಂಕಿ ಬಿದ್ದರೆ ಸರಕಿನೊಂದಿಗೆ ಸರಕಿನ ಲೆಕ್ಕವೂ ಸುಟ್ಟುಹೋಗುತ್ತದೆ. ಗಣಕಯಂತ್ರದ ದಾಖಲೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

2002ರ ನವೆಂಬರ್ 20ರಂದು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಗಣಕ ಕೇಂದ್ರವಿದ್ದ ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆಯು ಅಲ್ಲಿ ಇರಿಸಿದ್ದ ಸರ್ವರ್ ಕೂಡ ನಾಶವಾಯಿತು. ಆದರೂ ಭದ್ರತಾ ತಿದ್ದುಪಡಿಗಳನ್ನು ಹಂಚುವ ಅದರ ಸೇವೆಯನ್ನು ಬೇರೆಡೆ ಇದ್ದ ಯಂತ್ರದಿಂದ ಪುನಃ ಆರಂಭಿಸಲು ಸಾಧ್ಯವಾಯಿತು.

ಬೆಂಕಿಯಿಲ್ಲದೆಯೂ ಅನಾಹುತ ಸಂಭವಿಸಬಹುದು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರವರೆಗೆ ಸುಮಾರು 77 ಟೆರಾಬೈಟ್ ದತ್ತಾಂಶ, ಎಂದರೆ ಸುಮಾರು 3.4 ಕೋಟಿ ಕಡತಗಳು ಅಳಿಸಿಹೋದವು. ಕಾರಣ, ಬ್ಯಾಕಪ್ ವ್ಯವಸ್ಥೆಯೇ! ಹಳೆಯ ಲಾಗ್ ಕಡತಗಳನ್ನು ತೆಗೆದುಹಾಕುವ ಒಂದು ಸಣ್ಣ ಆದೇಶಪಟ್ಟಿಯನ್ನು, ಅದು ಚಾಲನೆಯಲ್ಲಿರುವಾಗಲೇ ಯಂತ್ರ ಪೂರೈಸಿದ ಕಂಪನಿಯವರು ಬದಲಾಯಿಸಿದರು. ಅರ್ಧ ಹಳೆಯದು, ಅರ್ಧ ಹೊಸದಾದ ಆದೇಶವು ಲಾಗ್‌ಗಳ ಬದಲು ಸಂಶೋಧಕರ ಕಡತಗಳನ್ನೇ ಅಳಿಸತೊಡಗಿತು. ಹಾನಿಗೊಳಗಾದ 14 ಸಂಶೋಧನಾ ತಂಡಗಳ ಪೈಕಿ 4 ತಂಡಗಳ ಕಡತಗಳನ್ನು ಬ್ಯಾಕಪ್‌ನಿಂದ ಮರಳಿ ಪಡೆಯಲಾಗಲಿಲ್ಲ. ಕಂಪನಿಯು ಸಂಪೂರ್ಣ ಹೊಣೆಯನ್ನು ಒಪ್ಪಿಕೊಂಡಿತು. ಒಪ್ಪಿಕೊಂಡ ಮಾತ್ರಕ್ಕೆ ಕಡತಗಳು ಹಿಂದಿರುಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೂಲದಲ್ಲಿ ಆದ ಬದಲಾವಣೆಯನ್ನು ಒಡನೆಯೇ ಅನುಸರಿಸುವ ನಕಲು, ಮೂಲದಲ್ಲಿನ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಅನುಸರಿಸುತ್ತದೆ. ಆದುದರಿಂದ ದೂರದ ಕೇಂದ್ರದಲ್ಲಿ ಕನ್ನಡಿಯಂತಹ ಪ್ರತಿಯೊಂದಿದ್ದರೆ ಸಾಲದು. ನಿನ್ನೆಯ, ಹೋದ ವಾರದ, ಹೋದ ತಿಂಗಳ ಪ್ರತಿಗಳೂ ಅಳಿಸಲಾಗದ ರೀತಿಯಲ್ಲಿ ಪ್ರತ್ಯೇಕವಾಗಿ ಇರಬೇಕು. ಎರಡನೆಯ ಕೇಂದ್ರಕ್ಕೆ ವಿದ್ಯುತ್ ಹಾಗೂ ಸಂಪರ್ಕ ತಂತಿ ಬೇರೆ ಮಾರ್ಗದಿಂದ ಬರಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರವೊಂದು ಸುಟ್ಟಾಗ, ಮೂಲ ಮತ್ತು ಪ್ರತಿ ಎರಡೂ ಒಂದೇ ಕಟ್ಟಡದಲ್ಲಿದ್ದ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. ಅಂತಹ ಒಬ್ಬ ಗ್ರಾಹಕನಿಗೆ ಪರಿಹಾರ ನೀಡುವಂತೆ 2023ರಲ್ಲಿ ಅಲ್ಲಿನ ವಾಣಿಜ್ಯ ನ್ಯಾಯಾಲಯವು ಆದೇಶಿಸಿತು. ಸೇವಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪ್ರತಿಯು ಯಾವ ಊರಿನಲ್ಲಿರುತ್ತದೆ ಎಂದು ಕೇಳುವುದು ಉದ್ದಿಮೆದಾರರ ಹಕ್ಕು.

ಸಣ್ಣ ಸಂಸ್ಥೆಗೆ ಎರಡು ಕೇಂದ್ರಗಳು ಅಸಾಧ್ಯವಾದರೂ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಎಷ್ಟು ಗಂಟೆಗಳ ನಮೂದು ಕಳೆದುಹೋದರೆ ತಾಳಿಕೊಳ್ಳಬಹುದು? ಎಷ್ಟು ಗಂಟೆಗಳೊಳಗೆ ಬಿಲ್ಲಿಂಗ್ ಪುನಃ ಆರಂಭವಾಗಬೇಕು? ಖರ್ಚಿನ ಅಂದಾಜು ಈ ಉತ್ತರಗಳಿಂದಲೇ ಹೊರಡುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದೇ ಎಂದು ನೋಡಲು ಅರ್ಧ ದಿನ ಸಾಕು. ಹೆಚ್ಚಿನವರು ಈ ಕೆಲಸವನ್ನು ಮಾಡುವುದೇ ಇಲ್ಲ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಲೆಕ್ಕಪುಸ್ತಕಗಳನ್ನು ಗಣಕದಲ್ಲಿಡುವ ಕಂಪನಿಗಳು ಅವುಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸತಕ್ಕದ್ದೆಂದು 2022ರ ಆಗಸ್ಟ್‌ನ ತಿದ್ದುಪಡಿ ವಿಧಿಸಿದೆ. ಅದಕ್ಕೆ ಮೊದಲು ನಿಯತಕಾಲಿಕವಾಗಿ ಇರಿಸಿದ್ದರೆ ಸಾಕಾಗಿತ್ತು. ಇನ್ನು ವಿಮೆಯ ಮಾತು: ಕೆಲವು ಅಗ್ನಿ ವಿಮಾ ಪಾಲಿಸಿಗಳಲ್ಲಿ ಲೆಕ್ಕಪುಸ್ತಕಗಳು ಮತ್ತು ಗಣಕ ದಾಖಲೆಗಳು, ಸ್ಪಷ್ಟವಾಗಿ ನಮೂದಿಸಿದ ಹೊರತು, ರಕ್ಷಣೆಯಿಂದ ಹೊರಗುಳಿಯುತ್ತವೆ. ಪಾಲಿಸಿಯನ್ನು ನವೀಕರಿಸುವಾಗ ಈ ಷರತ್ತನ್ನು ಓದಿ, ಬೇಕಾದ ನಮೂದನ್ನು ಸೇರಿಸಿಕೊಳ್ಳುವುದು ಉಚಿತ.