ನುಸಿಯ ಶತ್ರು ನಮ್ಮ ಮಿತ್ರ



ಬೇಸಿಗೆ ಬಂತೆಂದರೆ ಎಳೆಯ ಅಡಿಕೆ ಸಸಿಗಳ ಸೋಗೆ ಹಳದಿಗೆ ತಿರುಗುತ್ತದೆ. ನೀರು ಸಾಲದೆಂದು ನೀರು ಬಿಡುತ್ತೇವೆ, ಗೊಬ್ಬರ ಸಾಲದೆಂದು ಗೊಬ್ಬರ ಹಾಕುತ್ತೇವೆ. ಸೋಗೆಯನ್ನು ಮಗುಚಿ ನೋಡುವವರು ನಮ್ಮಲ್ಲಿ ಕಡಿಮೆ. ನೋಡಿದರೆ ಅಡಿಭಾಗದಲ್ಲಿ ನುಸಿಗಳ ಗುಂಪು ಕಾಣಬಹುದು.

ನುಸಿ ಕೀಟವಲ್ಲ; ಎಂಟು ಕಾಲಿನ, ಜೇಡನ ವರ್ಗದ ಜೀವಿ. ಅಡಿಕೆಗೆ ಮುಖ್ಯವಾಗಿ ಎರಡು ಬಗೆಯ ಕಾಟ. ಬಿಳಿ ನುಸಿ ಬಲೆ ನೇಯ್ದು ಅದರಡಿ ರಸ ಹೀರುತ್ತದೆ. ಕೆಂಪು ನುಸಿ ಬಲೆ ನೇಯುವುದಿಲ್ಲ. ಇದನ್ನು ವಿಜ್ಞಾನಿಗಳು ಕೊಯಮತ್ತೂರಿನ ತೆಂಗಿನ ಗರಿಗಳಿಂದ 1924ರಲ್ಲಿ ಮೊದಲು ವರ್ಣಿಸಿದರು. 2004ರಲ್ಲಿ ಅದು ಕೆರಿಬಿಯನ್ ದ್ವೀಪಗಳಲ್ಲೂ ಕಾಣಿಸಿಕೊಂಡು ತೆಂಗು, ಬಾಳೆಗಳಿಗೆ ಹಬ್ಬಿತು.

ನಮ್ಮ ತೋಟಗಳಲ್ಲಿ ಇವನ್ನು ತಿನ್ನುವವರೂ ಇದ್ದಾರೆ. ಒಂದು, ಸಾಸಿವೆ ಕಾಳಿಗಿಂತ ದೊಡ್ಡದಿರದ ಕಪ್ಪು ಗುಲಗಂಜಿ ದುಂಬಿ. ಇನ್ನೊಂದು, ಚುರುಕಾಗಿ ಓಡಾಡುವ ಪರಭಕ್ಷಕ ನುಸಿ. ಇದರ ಶಾಸ್ತ್ರೀಯ ನಾಮದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನುಸಿತಜ್ಞ ಜಿ. ಪಿ. ಚನ್ನಬಸವಣ್ಣನವರ ಹೆಸರು ಸೇರಿದೆ.

ಈಗ ಔಷಧಿಯ ವಿಚಾರ. ತಿಗಣೆಗೋ ಕಂಬಳಿಹುಳಕ್ಕೋ ಎಂದು ತೋಟವಿಡೀ ಸಿಂಥೆಟಿಕ್ ಪೈರಿಥ್ರಾಯಿಡ್ ಸಿಂಪಡಿಸಿದರೆ ದುಂಬಿ ಸಾಯುತ್ತದೆ, ಒಳ್ಳೆಯ ನುಸಿಯೂ ಸಾಯುತ್ತದೆ. ಎಲೆಯಡಿ ಬಲೆಯೊಳಗಿರುವ ಕೆಟ್ಟ ನುಸಿಯ ಮೊಟ್ಟೆಗಳು ಮಾತ್ರ ಬಹುಪಾಲು ಉಳಿಯುತ್ತವೆ. ಅವು ಒಡೆದು ಬಂದಾಗ ತಿನ್ನುವವರಿಲ್ಲ. ಬೇಟೆ ಹೆಚ್ಚಿದ ಮೇಲಷ್ಟೇ ಬೇಟೆಗಾರ ಹೆಚ್ಚುವುದು. ಆ ವೇಳೆಗೆ ಸಸಿ ಸೊರಗಿರುತ್ತದೆ. ನಾವು ಮತ್ತೆ ಸಿಂಪಡಿಸುತ್ತೇವೆ, ಖರ್ಚೂ ನುಸಿಯೂ ಒಟ್ಟಿಗೆ ಬೆಳೆಯುತ್ತವೆ. ಬಯಲುಸೀಮೆಯ ಯರಗಟ್ಟಿ, ಸವದತ್ತಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೂ ಇದೇ ಪಾಠ. ಅಲ್ಲಿ ಎಲೆ ಮೇಲಕ್ಕೆ ಮುರುಟಿದರೆ ಥ್ರಿಪ್ಸ್, ಕೆಳಕ್ಕೆ ಮುರುಟಿದರೆ ನುಸಿ. ಗುರುತು ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಹಾಗಾದರೆ ಮಾಡಬೇಕಾದುದೇನು?

1. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಭೂತಗನ್ನಡಿ ಹಿಡಿದು ಸೋಗೆಯ ಅಡಿಭಾಗ ನೋಡೋಣ. ದುಂಬಿಗಳು ಕಂಡರೆ ಕೆಲವು ದಿನ ಕಾಯೋಣ.

2. ಸಸಿಗಳಿಗೆ ಬಾಳೆಯ ನೆರಳು ಕೊಡೋಣ. ಎಲೆಯಡಿಗೆ ರಭಸವಾಗಿ ನೀರು ಹಾಯಿಸೋಣ. ತೀರಾ ಹಾಳಾದ ಸೋಗೆಯನ್ನು ಕಡಿದು ಸುಡೋಣ.

3. ಸಿಂಪಡಿಸಲೇಬೇಕಾದರೆ, ಕೀಟ ಗೊನೆಯಲ್ಲಿದ್ದರೆ ಗೊನೆಗೆ ಮಾತ್ರ, ನುಸಿಗಾದರೆ ಕಾಟವಿರುವ ಸಸಿಗಳ ಎಲೆಯಡಿಗೆ ಮಾತ್ರ ಸಿಂಪಡಿಸೋಣ.

4. ಹಳೆಯ ಪುಸ್ತಿಕೆಗಳಲ್ಲಿ ನುಸಿಗೆ ಡೈಕೋಫಾಲ್ ಎಂದು ಬರೆದಿದೆ. 2023ರಲ್ಲಿ ನಮ್ಮ ದೇಶದಲ್ಲಿ ಅದು ನಿಷೇಧವಾಯಿತು. ಹಳೆಯ ಡಬ್ಬಿ ಉಳಿದಿದ್ದರೆ ಬಳಸಬಾರದು. ತೋಟಗಾರಿಕೆ ಇಲಾಖೆಯವರನ್ನು ಕೇಳಿ ಮುಂದುವರಿಯೋಣ.

ಪಂಪು ಹೆಗಲಿಗೇರಿಸುವ ಮೊದಲು ಒಂದು ಸೋಗೆ ಮಗುಚಿ ನೋಡೋಣ. ಕೂಲಿಯಿಲ್ಲದೆ ನಮಗಾಗಿ ದುಡಿಯುವವರು ಅಲ್ಲಿರಬಹುದು.